ಹತ್ತರ ಪಾಸ್, ಹತ್ತೂವರೆಯೊಳಗೆ ಡೇಟಾ

ಯುರೋಪಿನ ಮೆಟಾಪ್ ಹವಾಮಾನ ಉಪಗ್ರಹಗಳು ಪುಣೆಯ ಮೇಲೆ ಬೆಳಿಗ್ಗೆ ಹತ್ತರ ಆಸುಪಾಸಿಗೆ ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗುತ್ತವೆ. ಹೀಗೆ ಒಮ್ಮೆ ಹಾದುಹೋಗುವುದನ್ನೇ ಪಾಸ್ ಎನ್ನುತ್ತೇವೆ. ರಾತ್ರಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣದಿಂದ ಉತ್ತರಕ್ಕೆ. ಯಾವ ಎತ್ತರದಲ್ಲಿ ಗಾಳಿ ಎಷ್ಟು ಬಿಸಿ, ಎಷ್ಟು ತೇವ ಎಂಬುದರ ಸುಳಿವು ಅವುಗಳ ಮೈಕ್ರೋವೇವ್ ಸೌಂಡರ್‌ಗಳಿಂದ ಸಿಗುತ್ತದೆ, ಮೋಡ ಕವಿದಿದ್ದರೂ. ಮುಂಬಯಿ, ಗೋವಾ, ಮಂಗಳೂರುಗಳಲ್ಲಿ ಇದನ್ನೇ ಅಳೆಯಲು ಹವಾಮಾನ ಇಲಾಖೆ ಬಲೂನು ಹಾರಿಸುತ್ತದೆ. ಅದರಾಚೆ ಅರಬ್ಬಿ ಸಮುದ್ರದ ಮೇಲೆ ಬಲೂನು ಬಿಡುವವರು ಯಾರಿದ್ದಾರೆ? 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾ, ಮುಂಬಯಿ ಕರಾವಳಿಗುಂಟ ಗುಜರಾತಿಗೆ ಏರಿದಂಥ ಹೊತ್ತಿನಲ್ಲಿ ಹವಾಮಾನ ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗಳಿಗೆ ಸಮುದ್ರದ ಸುದ್ದಿ ಬಹುಪಾಲು ಉಪಗ್ರಹಗಳಿಂದಲೇ ಬರಬೇಕು.

ಪುಣೆಯ ನಮ್ಮ ಕಾಲೇಜಿನಲ್ಲಿ ಡಬ್ಲ್ಯುಆರ್‌ಎಫ್ ಎಂಬ ಪ್ರಾದೇಶಿಕ ಮುನ್ಸೂಚನಾ ಮಾದರಿಯನ್ನು ಸಣ್ಣ ಪ್ರಮಾಣದಲ್ಲಿ ನಡೆಸುತ್ತೇವೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಇಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆಯೇ ಏಳುವುದು. ಅದಕ್ಕೆ ಮೊದಲೇ ಫಲಿತಾಂಶ ಬೇಕೆಂದರೆ ಮಾದರಿಯ ಬೆಳಗಿನ ಓಟ ಹನ್ನೊಂದಕ್ಕೆ ಶುರುವಾಗಲೇಬೇಕು. ಉಪಗ್ರಹದ ಡೇಟಾವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತಿದ್ದೆವು. ರಾತ್ರಿಯದು ಸಾಕಷ್ಟು ಬೇಗ ಸಿಗುತ್ತಿತ್ತು. ಬೆಳಗಿನದು ಮಾತ್ರ ನಮ್ಮ ಓಟ ಮುಗಿಯುವ ಹೊತ್ತಿಗೆ ಬಂದು ಕೂರುತ್ತಿತ್ತು.

ವಿಜಯಪುರದ ಒಬ್ಬ ವಿದ್ಯಾರ್ಥಿ ಇದನ್ನು ಮೊದಲು ಗಮನಿಸಿದ. "ಸರ, ಅದ ಸ್ಯಾಟಲೈಟು, ಅದ ಜಾಗಾ. ರಾತ್ರಿದು ಲಗೂನ ಬರ್ತೈತಿ, ಮುಂಜಾನಿದಕ್ಕ ಏನ್ ಧಾಡಿರೀ?"

ಬೋರ್ಡಿನ ಮೇಲೆ ಒಂದು ವೃತ್ತ ಬರೆದರೆ ಉತ್ತರ ಸಿಗುತ್ತದೆ. ಭೂಮಿಯನ್ನು ಒಂದು ಸುತ್ತು ಬರಲು ಮೆಟಾಪ್‌ಗೆ ಸುಮಾರು 101 ನಿಮಿಷ. ತುಂಬಿಸಿಕೊಂಡ ಡೇಟಾವನ್ನು ಅದು ಸುರಿಯುವುದು ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ, 78 ಡಿಗ್ರಿ ಉತ್ತರದಲ್ಲಿ. ರಾತ್ರಿ ಅದು ಪುಣೆ ದಾಟಿ ಉತ್ತರಕ್ಕೇ ಹೋಗುವುದರಿಂದ ಹದಿನೇಳು ಹದಿನೆಂಟು ನಿಮಿಷಕ್ಕೆ ಸ್ವಾಲ್‌ಬಾರ್ಡ್ ಸಿಗುತ್ತದೆ. ಬೆಳಿಗ್ಗೆ ಹೋಗುವುದು ದಕ್ಷಿಣಕ್ಕೆ. ಅಂಟಾರ್ಕ್ಟಿಕಾ ಬಳಸಿ, ಭೂಮಿಯ ಆ ಮಗ್ಗುಲಿನಿಂದ ಮೇಲೆ ಹತ್ತಿ ಸ್ವಾಲ್‌ಬಾರ್ಡ್ ಮುಟ್ಟಲು ಹೆಚ್ಚುಕಡಿಮೆ 80 ನಿಮಿಷ. ಮನೆ ಮುಂದೆಯೇ ಹಾದುಹೋಗುವ ಬಸ್ಸು ಊರೆಲ್ಲ ಸುತ್ತಿ ಸ್ಟ್ಯಾಂಡಿನಲ್ಲೇ ಇಳಿಸಿದ ಹಾಗೆ. 2011ರಿಂದ ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊದಲ್ಲೂ ಡೇಟಾ ಇಳಿಸುತ್ತಾರೆ. ಅಲ್ಲಿಗೆ ಪುಣೆಯಿಂದ 27 ನಿಮಿಷದ ದಾರಿ. ಆದರೆ ಎಲ್ಲ ಸುತ್ತುಗಳಿಗೂ ಆ ನಿಲ್ದಾಣ ಸಿಗುವುದಿಲ್ಲ. ಇಳಿದ ಮೇಲೂ ಡೇಟಾ ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಹೋಗಿ, ಸಂಸ್ಕರಣೆಗೊಂಡು ನಮ್ಮತ್ತ ಹೊರಡಬೇಕು.

(ಧ್ರುವದ ಹತ್ತಿರ ಡಿಶ್ ಇಟ್ಟರೆ ಎಷ್ಟು ಲಾಭ ಎಂಬುದು ನಮ್ಮ ದೇಶಕ್ಕೂ ಗೊತ್ತಿರುವ ವಿಷಯವೇ. ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ನೋಡಿಕೊಳ್ಳುವ ಅಂಟಾರ್ಕ್ಟಿಕಾದ ಭಾರತಿ ನೆಲೆಯಲ್ಲಿ 2013ರಿಂದ ಇಸ್ರೊದ ಸ್ವೀಕಾರ ಕೇಂದ್ರವಿದೆ. ಅಲ್ಲಿ ಇಳಿದ ಡೇಟಾ ಸಂಪರ್ಕ ಉಪಗ್ರಹದ ಮೂಲಕ ಹೈದರಾಬಾದ್ ಬಳಿಯ ಶಾದ್‌ನಗರಕ್ಕೆ ಬರುತ್ತದೆ.)

ಈ ಸುತ್ತು ತಪ್ಪಿಸಲು ಒಂದು ದಾರಿಯಿದೆ. ಮೆಟಾಪ್ ತಾನು ಅಳೆದದ್ದನ್ನು ಅದೇ ಕ್ಷಣದಲ್ಲಿ ಕೆಳಗೂ ಪ್ರಸಾರ ಮಾಡುತ್ತ ಸಾಗುತ್ತದೆ, 1701.3 ಮೆಗಾಹರ್ಟ್ಸ್‌ನಲ್ಲಿ. ಡಿಶ್ ಇದ್ದವರು ಯಾರು ಬೇಕಾದರೂ ಹಿಡಿಯಬಹುದು. ಯುರೋಪಿನವರು ಹಲವು ಊರುಗಳ ಇಂಥ ಡಿಶ್‌ಗಳನ್ನು ಜೋಡಿಸಿ ಇಯರ್ಸ್ ಎಂಬ ಸೇವೆ ಕಟ್ಟಿದ್ದಾರೆ. ವಿಶ್ವ ಹವಾಮಾನ ಸಂಸ್ಥೆಯ ಡಿಬಿನೆಟ್ ಇದೇ ಉಪಾಯವನ್ನು ಜಗತ್ತಿಗೆ ಹರಡಿದ್ದು. ನಾವು ಮಾಡಿದ್ದು ಅದರ ಅಂಗೈಯಗಲದ ಆವೃತ್ತಿ, ನಮ್ಮ ಮಾದರಿಯ ಮಟ್ಟಿಗೆ ಮಾತ್ರ.

ಡಿಶ್ ಒಂದೂವರೆ ಮೀಟರಿನದು. ತಾರಸಿಯ ಮೇಲೆ ಮೋಟಾರು ಕೂರಿಸಿ, ಸಿಗ್ನಲ್ ಹಿಡಿಯುವ ಸುರುಳಿ ಆಂಟೆನಾ (ಹೆಲಿಕ್ಸ್ ಫೀಡ್) ಹಾಕಿ, ಅದರ ಬೆನ್ನಿಗೇ ಆಂಪ್ಲಿಫೈಯರ್ ಕಟ್ಟಿದೆವು. ಮೊದಲು ಕಾಡಿದ್ದು ಮೊಬೈಲ್ ಟವರುಗಳು. 1800 ಮೆಗಾಹರ್ಟ್ಸ್‌ನ ಮೊಬೈಲ್ ಪಟ್ಟಿ ನಮ್ಮ ಪಕ್ಕದಲ್ಲೇ, ಪುಣೆಯಂಥ ಊರಿನಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಒಂದು ಟವರು. ಮುಂದೊಂದು ಒಳ್ಳೆಯ ಫಿಲ್ಟರ್ ಹಾಕುವವರೆಗೂ ಆಂಪ್ಲಿಫೈಯರ್‌ಗೆ ಉಪಗ್ರಹ ಕೇಳಿಸಲೇ ಇಲ್ಲ. ಇದಕ್ಕೆ ದುಡ್ಡು ಉಳಿಸಲು ಹೋಗಬೇಡಿ ಎನ್ನುತ್ತೇನೆ. ಡಿಶ್ ಸ್ವಲ್ಪ ಚಿಕ್ಕದಾದರೂ ನಡೆದೀತು.

ಎರಡನೆಯ ತಲೆನೋವು ನೆತ್ತಿಯ ಮೇಲಿನ ಪಾಸ್. ಉಪಗ್ರಹ ಅತಿ ಹತ್ತಿರ ಬರುವುದು, ಸಿಗ್ನಲ್ ಅತಿ ಜೋರಾಗಿರುವುದು ಆಗಲೇ. ಮಾಮೂಲಿ ಮೋಟಾರಿನಲ್ಲಿ ಡಿಶ್ ಸುತ್ತ ತಿರುಗುತ್ತದೆ, ಮೇಲೆ ಕೆಳಗೆ ಬಾಗುತ್ತದೆ. ನೆತ್ತಿ ದಾಟುವಾಗ ಅದು ಕೆಲವೇ ಸೆಕೆಂಡಿನಲ್ಲಿ ಅರ್ಧ ಸುತ್ತು ತಿರುಗಬೇಕು, ಅಷ್ಟು ವೇಗ ನಮ್ಮ ಮೋಟಾರಿಗಿಲ್ಲ. ಹಾಗಾಗಿ ಪಾಸಿನ ನಟ್ಟನಡುವೆ, ಪುಣೆಯ ಮೇಲೇ, ಡೇಟಾದಲ್ಲಿ ತೂತು. ನಿಪ್ಪಾಣಿಯ ನಮ್ಮ ಟೆಕ್ನಿಷಿಯನ್ ಒಂದು ದಿನ ಪೂರ್ತಿ ನೋಡಿ, "ಸರ, ಇದನ್ನ ತಿರುಗಸೂದ ಬ್ಯಾಡ್ರಿ. ಎರಡೂ ಕಡೆ ಬಾಗೂ ಹಂಗ ಮಾಡೂಣು" ಎಂದ. ಪುಸ್ತಕಗಳಲ್ಲಿ ಇದಕ್ಕೆ ಎಕ್ಸ್-ವೈ ಮೌಂಟ್ ಎನ್ನುತ್ತಾರೆ. ಆತ ಪುಸ್ತಕ ನೋಡಿದವನಲ್ಲ. ಉತ್ತರ-ದಕ್ಷಿಣ ಒಂದು ಅಚ್ಚು, ಪೂರ್ವ-ಪಶ್ಚಿಮ ಇನ್ನೊಂದು. ನೆತ್ತಿಯ ತೊಂದರೆ ಅಲ್ಲಿಗೆ ಮುಗಿಯಿತು. ಜೂನ್ ಬರುವ ಮುನ್ನ ಕನೆಕ್ಟರುಗಳಿಗೆಲ್ಲ ರಬ್ಬರ್ ಟೇಪು ಸುತ್ತಿದೆವು.

ಸಿಗ್ನಲ್ ಬಂತು. ಸ್ಯಾಟ್‌ಡಂಪ್ ತಂತ್ರಾಂಶ ಅದನ್ನು ಬಿಡಿಸಿತು, ಎಎಪಿಪಿ ಎಂಬ ಉಚಿತ ತಂತ್ರಾಂಶ ಅಕ್ಷಾಂಶ, ರೇಖಾಂಶ, ಉಷ್ಣತೆ ಕೂರಿಸಿ ಮಾದರಿ ಓದಬಲ್ಲ ಬಫರ್ ಎಂಬ ರೂಪದ ಕಡತ ಮಾಡಿಕೊಟ್ಟಿತು. ಆದರೂ ಮಾದರಿಗೆ ಡೇಟಾ ತಲುಪುವಾಗ ಹನ್ನೊಂದು ದಾಟಿರುತ್ತಿತ್ತು! ಪ್ರತಿ ಹಂತಕ್ಕೂ ಟೈಮ್‌ಸ್ಟ್ಯಾಂಪ್ ಹಚ್ಚಿ ನೋಡಿದೆವು. ಲೆಕ್ಕ ಮಾಡಲು ಹಿಡಿಯುತ್ತಿದ್ದುದು ಕೆಲವೇ ನಿಮಿಷ. ಉಳಿದದ್ದೆಲ್ಲ ಕಾಯುವುದು. ಹೊಸ ಕಡತ ಬಂತೇ ಎಂದು ಒಂದು ಸ್ಕ್ರಿಪ್ಟ್ ಕಾಲು ಗಂಟೆಗೊಮ್ಮೆ ಇಣುಕುತ್ತಿತ್ತು. ಅದು ಮುಗಿಸಿದ್ದನ್ನು ಸರ್ವರಿಗೆ ಒಯ್ಯುವ ಇನ್ನೊಂದು ತನ್ನದೇ ಗಡಿಯಾರದಲ್ಲಿ ಏಳುತ್ತಿತ್ತು. ಮಾದರಿಯ ಕಡೆಯದು ಗಂಟೆಗೊಮ್ಮೆ. ಧ್ರುವದ ಸುತ್ತು ತಪ್ಪಿಸಿ ಗಳಿಸಿದ ಹೊತ್ತು ಹತ್ತಡಿ ಕೋಣೆಯಲ್ಲಿ ಸೋರುತ್ತಿತ್ತು. ಗಡಿಯಾರ ನೋಡಿ ಏಳುವುದನ್ನು ಬಿಡಿಸಿ, ಒಂದರ ಕೆಲಸ ಮುಗಿದ ಕೂಡಲೇ ಮುಂದಿನದನ್ನು ಅದೇ ಎಬ್ಬಿಸುವ ಹಾಗೆ ಬದಲಿಸಿದೆವು. ಈಗ ಹತ್ತರ ಪಾಸ್ ಹತ್ತೂವರೆಯೊಳಗೆ ಮಾದರಿಯ ಬಾಗಿಲಲ್ಲಿರುತ್ತದೆ.

ಪಾಸನ್ನು ಎರಡೆರಡು ನಿಮಿಷದ ತುಂಡು ಮಾಡಿ ಕಳಿಸಿದರೆ ಇನ್ನೂ ಬೇಗ ಆಗುತ್ತದೆ ಎಂದು ವಿದ್ಯಾರ್ಥಿಗಳ ಹಟ. ಮಾಡಿ ನೋಡಿದೆವು, ಕೈಬಿಟ್ಟೆವು. ಇಡೀ ಪಾಸೇ ಹದಿನೈದು ನಿಮಿಷದ್ದು, ಉಳಿತಾಯ ಅಷ್ಟಕ್ಕಷ್ಟೆ. ಮೇಲಾಗಿ ಮೈಕ್ರೋವೇವ್ ಸೌಂಡರ್‌ಗಳಲ್ಲೊಂದಾದ ಆಮ್ಸು ಉಪಕರಣದ ಮಾಪನ ಸರಿಪಡಿಸಲು ಹಿಂದಿನ, ಮುಂದಿನ ಸಾಲುಗಳ ಸರಾಸರಿ ಬೇಕು. ತುಂಡು ಮಾಡಿದಷ್ಟೂ ಅಂಚುಗಳು ಹೆಚ್ಚುತ್ತವೆ, ಅಂಚಿನಲ್ಲಿ ಉಷ್ಣತೆ ಅಧಿಕೃತ ಡೇಟಾಕ್ಕಿಂತ ತುಸು ಬೇರೆ ಬರುತ್ತದೆ. ಈ ತಾಳೆ ನೋಡುವ ಕೆಲಸವನ್ನು ಇಂದಿಗೂ ಬಿಟ್ಟಿಲ್ಲ: ತಡವಾಗಿ ಬರುವ ಅಧಿಕೃತ ಕಡತವನ್ನು ಇಳಿಸಿ, ನಮ್ಮದರ ಪಕ್ಕ ಇಟ್ಟು, ವ್ಯತ್ಯಾಸದ ನಕ್ಷೆ ಬರೆಯುತ್ತೇವೆ. ಹಳೆಯ ಕಕ್ಷಾಮಾಹಿತಿ ಬಳಸಿದ್ದರೆ ಕರಾವಳಿಯ ಗೆರೆಯೇ ಜರುಗಿ ಗುಟ್ಟು ಬಯಲಾಗುತ್ತದೆ. ಅತಿಗೆಂಪು ಕಿರಣಗಳಲ್ಲಿ ಅಳೆಯುವ, 8461 ಚಾನೆಲ್ಲುಗಳ ಇಯಾಸಿ ಉಪಕರಣವನ್ನು ನಾವು ಮುಟ್ಟುವುದಿಲ್ಲ, ನಮ್ಮ ಯಂತ್ರಕ್ಕೆ ಅದು ಭಾರ.

ಜಗತ್ತಿಗೆಲ್ಲ ಮುನ್ಸೂಚನೆ ಮಾಡುವ ದೊಡ್ಡ ಕೇಂದ್ರಗಳು ಅಂತಿಮ ವಿಶ್ಲೇಷಣೆಗೆ ಗಂಟೆಗಟ್ಟಲೆ ಕಾಯಬಲ್ಲವು. ಒಂದು ಪಾಸ್ ತಡವಾದರೆ ಅವಕ್ಕೆ ಅಂಥ ನಷ್ಟವಿಲ್ಲ. ಬಾಗಿಲು ಬೇಗ ಮುಚ್ಚುವ ನಮ್ಮಂಥ ಪ್ರಾದೇಶಿಕ ಓಟಗಳಿಗೆ ಮಾತ್ರ ತಡವಾಗಿ ಬಂದದ್ದು ಇದ್ದರೂ ಇಲ್ಲದ ಡೇಟಾ. ಆದರೆ ಬೇಗ ಬಂದ ಡೇಟಾ ತಾನಾಗಿ ಮುನ್ಸೂಚನೆಯನ್ನು ಸುಧಾರಿಸುವುದಿಲ್ಲ. ಉಪಕರಣಕ್ಕೂ ಮಾದರಿಗೂ ನಡುವಿನ ಸ್ಥಿರ ವ್ಯತ್ಯಾಸವನ್ನು ಮೊದಲು ಕಳೆಯಬೇಕು. ದಿನಕ್ಕೆ ಕೆಲವೇ ಪಾಸ್ ಸಿಗುವ ಸಣ್ಣ ಪ್ರದೇಶದಲ್ಲಿ ಆ ತಿದ್ದುಪಡಿ ನೆಲೆಗೊಳ್ಳಲು ವಾರಗಳೇ ಬೇಕು. ಅಲ್ಲಿಯವರೆಗೆ ಸೌಂಡರ್ ಡೇಟಾ ಸೇರಿಸದ ಓಟವನ್ನೂ ಜೊತೆಯಲ್ಲೇ ನಡೆಸಿ ಹೋಲಿಸುತ್ತಿದ್ದೆವು.

ಮುಂದಿನ ಕೆಲಸ ದೊಡ್ಡದಿದೆ. ಅಮೆರಿಕದ ಹಳೆಯ ಹವಾಮಾನ ಉಪಗ್ರಹಗಳಾದ ನೋವಾ-15, 18, 19 ಮೂರೂ 2025ರಲ್ಲಿ ನಿಂತವು. ಅದೇ ವರ್ಷ ಆಗಸ್ಟಿನಲ್ಲಿ ಹಾರಿದ ಹೊಸ ಪೀಳಿಗೆಯ ಮೆಟಾಪ್‌ನ ಪ್ರಸಾರ ಇನ್ನೂ ಹೆಚ್ಚಿನ ಆವರ್ತನದ ಎಕ್ಸ್-ಬ್ಯಾಂಡಿನಲ್ಲಿ. ಅದಕ್ಕೆ ನಮ್ಮ ಜಾಲರಿ ಡಿಶ್ ಆಗುವುದಿಲ್ಲ, ನುಣುಪು ಮೈಯ ದೊಡ್ಡ ಡಿಶ್, ಇನ್ನೂ ಚುರುಕಾಗಿ ಗುರಿ ಹಿಡಿಯುವ ಮೋಟಾರು ಬೇಕು. ನಿಪ್ಪಾಣಿಯವ ಆಗಲೇ ಗೇರು ಹುಡುಕುತ್ತಿದ್ದಾನೆ. ಈಗ ಹಿಡಿಯುತ್ತಿರುವ ಮೆಟಾಪ್-ಬಿ, ಸಿ ನಡೆಯುವಷ್ಟು ದಿನ ಹಳೆಯ ಡಿಶ್ ತಾರಸಿಯಲ್ಲೇ ಇರುತ್ತದೆ.