ಸಿಟಿ ಬಸ್ಸಿನ ದೂರದಲ್ಲೇ ವೀರಗಲ್ಲುಗಳು

ಹಳೇ ಶಿಲ್ಪ ನೋಡಬೇಕು ಅಂದರೆ ಬೆಂಗಳೂರಿನವರು ಬೇಲೂರು, ಹಳೇಬೀಡು, ಬಾದಾಮಿ ಕಡೆ ಹೊರಡುತ್ತಾರೆ. ನಾನೂ ಹೋಗುತ್ತೇನೆ. ಆದರೆ ಕೆಲವು ವರ್ಷಗಳಿಂದ ನನ್ನ ಭಾನುವಾರಗಳು ಹೆಚ್ಚಾಗಿ ಊರೊಳಗೇ ಕಳೆಯುತ್ತಿವೆ. ಕೆರೆ ಏರಿ, ಅರಳಿಕಟ್ಟೆ, ಬಸವಣ್ಣನ ಗುಡಿಯ ಹಿಂಭಾಗ, ಅಪಾರ್ಟ್‌ಮೆಂಟ್ ಕಾಂಪೌಂಡಿನ ಪಕ್ಕದ ಖಾಲಿ ಸೈಟು. ಇಂಥ ಕಡೆಗಳಲ್ಲಿ ನೂರಾರು ವರ್ಷ ಹಳೆಯ ವೀರಗಲ್ಲುಗಳಿವೆ, ಕಾದಾಡಿ ಸತ್ತವರ ನೆನಪಿಗೆ ನೆಟ್ಟ ಕೆತ್ತನೆಯ ಕಲ್ಲುಗಳು. ಕೆಲವು ನೆಟ್ಟಗೆ ನಿಂತಿವೆ, ಕೆಲವು ವಾಲಿವೆ, ಕೆಲವು ಅರ್ಧ ಹೂತುಹೋಗಿವೆ. ಪಕ್ಕದಲ್ಲೇ ಗಾಡಿ ನಿಲ್ಲಿಸಿ ನಾವು ತರಕಾರಿ ತರುತ್ತೇವೆ. ಇವನ್ನು ಹುಡುಕುವುದು, ನೋಡುವುದು, ಎದುರು ಕೂತು ಚಿತ್ರ ಬರೆಯುವುದು ನನಗೆ ಹೇಗೆ ರೂಢಿಯಾಯಿತು ಅಂತ ಹೇಳುತ್ತೇನೆ.

ಹುಡುಕಲು ನನಗೆ ದಾರಿ ತೋರಿಸಿದ್ದು 'ಎಪಿಗ್ರಾಫಿಯಾ ಕರ್ನಾಟಿಕಾ', ನಮ್ಮ ನಾಡಿನ ಶಾಸನಗಳನ್ನು ಒಟ್ಟುಮಾಡಿದ ಗ್ರಂಥಮಾಲೆ. ಅದರ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, ಬಿ. ಎಲ್. ರೈಸ್ 1905ರಲ್ಲಿ ಹೊರತಂದದ್ದು. ಶಾಸನಗಳನ್ನು ತಾಲ್ಲೂಕಿನ ಪ್ರಕಾರ ಜೋಡಿಸಿ, ಯಾವ ಊರಿನಲ್ಲಿ, ಯಾವ ಜಾಗದಲ್ಲಿ ಕಲ್ಲು ಇತ್ತು ಅಂತ ಬರೆದಿದ್ದಾರೆ. ಆ ಹಳ್ಳಿಗಳಲ್ಲಿ ಎಷ್ಟೋ ಇವತ್ತು ನಮ್ಮ ಬಸ್ ಸ್ಟಾಪುಗಳು. ನಾನು ಅದನ್ನು ನಕ್ಷೆಯ ಹಾಗೆ ಓದಿದೆ.

ಆದರೆ ಅದರಲ್ಲಿರುವುದು ಅಕ್ಷರ ಇರುವ ಕಲ್ಲುಗಳು. ಅಕ್ಷರವೇ ಇಲ್ಲದ ವೀರಗಲ್ಲುಗಳು ಬೇಕಾದಷ್ಟಿವೆ. ಅಕ್ಷರ ಇದ್ದೂ ಮಣ್ಣಿನಡಿ ಉಳಿದವೂ ಇವೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು 2018ರಲ್ಲಿ ನೆಲ ಅಗೆಯುವಾಗ ಸಿಕ್ಕಿತು. ಗಂಗ ವಂಶದ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅಷ್ಟು ಹಳೆಯ ಕಲ್ಲು ಅಷ್ಟು ಜನ ಓಡಾಡುವ ಜಾಗದಲ್ಲಿ ಸುಮ್ಮನೆ ಮಲಗಿತ್ತು ಅಂದರೆ, ಇನ್ನೂ ಏನೇನು ಇರಬಹುದು ಅಲ್ವಾ?

ಹಾಗಾಗಿ ಜನರನ್ನು ಕೇಳಲೇಬೇಕು. ಪ್ರತಿ ಬಡಾವಣೆಯ ನಡುವೆಯೂ ಹಳೇ ಊರಿನ ಒಂದು ತುಣುಕು ಉಳಿದಿರುತ್ತದೆ. ರಸ್ತೆ ಸಣ್ಣದಾಗುತ್ತದೆ, ಜಗಲಿ ಮನೆಗಳು ಕಾಣುತ್ತವೆ. ಅಲ್ಲಿ ಅರವತ್ತು ದಾಟಿದವರನ್ನು ಮಾತಾಡಿಸುತ್ತೇನೆ. 'ಶಾಸನ ಇದೆಯಾ' ಅಂದರೆ ಹೆಚ್ಚಿನವರು ಇಲ್ಲ ಅಂತ ತಲೆ ಆಡಿಸುತ್ತಾರೆ. 'ಕತ್ತಿ ಹಿಡಿದವನ ಹಳೇ ಕಲ್ಲು ಎಲ್ಲಾದರೂ ಇದೆಯಾ, ಮಾಸ್ತಮ್ಮನ ಗುಡಿ ಇದೆಯಾ' ಅಂತ ಕೇಳಿದರೆ ಮುಖ ಅರಳುತ್ತದೆ. ಕೆಲವರು ಚಪ್ಪಲಿ ಮೆಟ್ಟಿಕೊಂಡು ಜೊತೆಗೇ ಬರುತ್ತಾರೆ.

ಕಲ್ಲು ಸಿಕ್ಕ ಮೇಲೆ ಮುಖ್ಯವಾದದ್ದು ಬೆಳಕು. ಉಬ್ಬು ಕಡಿಮೆ ಇರುವ, ಮಳೆ ಬಿಸಿಲಿಗೆ ಸವೆದ ಗ್ರಾನೈಟಿನ ಮೇಲೆ ಬಿಸಿಲು ನೇರವಾಗಿ ಬಿದ್ದರೆ ಏನೂ ಕಾಣುವುದಿಲ್ಲ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಓರೆಯಾಗಿ ಹೋಗಬೇಕು. ಆಗ ಒಂದೊಂದು ಗೆರೆಗೂ ನೆರಳು ಹುಟ್ಟುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕಲ್ಲಾದರೆ ಬೆಳಗಿನ ಜಾವ ಹೋಗಿ ಪ್ರಯೋಜನವಿಲ್ಲ. ಹನ್ನೊಂದೂವರೆ ಹೊತ್ತಿಗೆ ಬಿಸಿಲು ಮೇಲಿನಿಂದ ಜಾರುವಾಗ ಅದು ತೆರೆದುಕೊಳ್ಳುತ್ತದೆ. ದಕ್ಷಿಣಕ್ಕೆ ಮುಖ ಇದ್ದರೆ ಚಳಿಗಾಲದ ಬೆಳಿಗ್ಗೆ ಅಥವಾ ಸಂಜೆ ಒಳ್ಳೆಯದು. ಅದಕ್ಕೇ ಮೊದಲ ಸಲ ಹೋದಾಗ ಮೊಬೈಲಿನ ದಿಕ್ಸೂಚಿಯಲ್ಲಿ ಕಲ್ಲಿನ ಮುಖ ಯಾವ ಕಡೆಗಿದೆ ಅಂತ ಬರೆದುಕೊಳ್ಳುತ್ತೇನೆ. ಮರದ ನೆರಳಲ್ಲಿದ್ದರೆ ಕತ್ತಲಾಗುವ ಹೊತ್ತಿಗೆ ಟಾರ್ಚ್ ತರುತ್ತೇನೆ. ಅದನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿಯಬೇಕು. ಹಗಲಲ್ಲಿ ಬೋಳು ಅಂತ ಕಂಡ ಜಾಗದಲ್ಲಿ ಬಿಲ್ಲಿನ ಹೆದೆ, ಬೆರಳು, ಹಸುವಿನ ಕೊಂಬು ಎದ್ದು ಬರುತ್ತವೆ. ಚಾಕ್‌ಪೀಸ್, ಹಿಟ್ಟು, ಬಣ್ಣ ಯಾವುದನ್ನೂ ಹಚ್ಚಬೇಡಿ. ಮೆತ್ತಗಿನ ಬ್ರಷ್ಷಿನಿಂದ ಧೂಳು ಒರೆಸಿದರೆ ಸಾಕು. ಪೂಜೆ ಆಗುವ ಕಲ್ಲಾದರೆ ಅದಕ್ಕೂ ಮೊದಲು ಅಲ್ಲಿಯವರನ್ನು ಕೇಳಿ.

ಆಮೇಲೆ ಕೂತು ಬರೆಯುತ್ತೇನೆ. ಪೆನ್ಸಿಲ್, ದಪ್ಪ ಹಾಳೆಯ ಪುಸ್ತಕ, ಅಷ್ಟೇ. ಫೋಟೋ ಕೊನೆಗೆ. ಕೈ ಬರೆಯತೊಡಗಿದರೆ ಕಣ್ಣು ಪ್ರಶ್ನೆ ಕೇಳುತ್ತದೆ. ಈ ಕಾಲು ಯಾರದ್ದು? ಈ ಬಾಣ ಎಲ್ಲಿಂದ ಬಂತು?

ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ಸತ್ತ ವೀರನನ್ನು ತೋಳು ಹಿಡಿದು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ಜೈನನಾಗಿದ್ದರೆ ಜಿನನ ಮುಂದೆ. ಎಷ್ಟೋ ಕಲ್ಲುಗಳಲ್ಲಿ ತುದಿಗೆ ಸೂರ್ಯ ಚಂದ್ರರಿರುತ್ತಾರೆ, ಅವರು ಇರುವ ತನಕ ಈ ಹೆಸರೂ ಇರಲಿ ಅಂತ. ಈ ಚೌಕಟ್ಟು ಎಲ್ಲರಿಗೂ ಒಂದೇ. ಅದರೊಳಗೆ ಆ ಹಳ್ಳಿಯ ಕಲ್ಲುಕುಟಿಗ ಏನು ಮಾಡಿದ ಅನ್ನುವುದೇ ನನ್ನನ್ನು ಹಿಡಿದು ಕೂರಿಸುತ್ತದೆ. ತುರುಗೋಳಿನ ಕಲ್ಲು ತೆಗೆದುಕೊಳ್ಳಿ. ದನ ಕದಿಯಲು ಬಂದವರನ್ನು ತಡೆದು ಸತ್ತವನದು. ಇರುವ ಜಾಗ ಒಂದು ಗೇಣು, ತೋರಿಸಬೇಕಾದದ್ದು ಒಂದು ಮಂದೆ. ಒಬ್ಬ ಶಿಲ್ಪಿ ಒಂದರ ಹಿಂದೆ ಒಂದು ತಲೆಯನ್ನಷ್ಟೇ ಕೆತ್ತಿ ಮಂದೆ ಮಾಡಿದ್ದಾನೆ. ಇನ್ನೊಂದು ಕಡೆ ಎರಡೇ ಹಸು, ಒಂದು ಕತ್ತು ತಿರುಗಿಸಿ ವೀರನನ್ನು ನೋಡುತ್ತಿದೆ. ಆ ಕತ್ತು ತಿರುಗಿಸಬೇಕು ಅಂತ ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ದೊಡ್ಡ ದೇವಸ್ಥಾನದ ಸಾಲು ಸಾಲು ಆನೆಗಳಿಗಿಂತ ನನಗೆ ಈ ಒಂದು ಹಸು ಜಾಸ್ತಿ.

ಮಾಸ್ತಿಕಲ್ಲುಗಳ ಮುಂದೆ ಮಾತ್ರ ಬರೆಯುವುದು ಕಷ್ಟ. ಕಂಬದಿಂದ ಹೊರಟ ಒಂದು ತೋಳು, ಮಡಚಿ ಮೇಲೆತ್ತಿದ ಕೈ, ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿನ ಗುರುತು ಅದು. ಕೆತ್ತನೆ ಚೆನ್ನಾಗಿದೆ ಅನ್ನಲು ಬಾಯಿ ಬರುವುದಿಲ್ಲ. ಆದರೂ ಬರೆಯುತ್ತೇನೆ, ಅವಳ ಹೆಸರು ಎಷ್ಟೋ ಕಡೆ ಉಳಿದಿಲ್ಲ, ಬಳೆಗಳಾದರೂ ಉಳಿದಿವೆ.

ಕಣ್ಣು ಪಳಗಲು ನನಗೆ ತುಂಬ ನೆರವಾದದ್ದು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ. ಬೇಗೂರಿನ ದೊಡ್ಡ ವೀರಗಲ್ಲು ಅಲ್ಲಿದೆ. ಗಂಗರ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಪಡೆಯ ಮೇಲೆ ಹೋಗಿ ಸತ್ತ ನಾಗತ್ತರನದು. ಆನೆ, ಕುದುರೆ, ಕಾಲಾಳು ಎಲ್ಲ ಒಂದರ ಮೇಲೊಂದು ಒತ್ತಿಕೊಂಡಿವೆ. ಇದನ್ನು ನೋಡಿ ಬೇಗೂರಿಗೇ ಹೋಗಿ. ನಾಗೇಶ್ವರ ಗುಡಿಯ ಆವರಣದ ಕಲ್ಲೊಂದರಲ್ಲಿ 'ಬೆಂಗಳೂರ ಕಾಳಗ'ದ ಮಾತಿದೆ, ಸುಮಾರು ಕ್ರಿ.ಶ. 890ರದು. ನಮ್ಮ ಊರಿನ ಹೆಸರು ಮೊದಲು ಕಾಣುವುದು ಅಲ್ಲೇ, ಅದೂ ಒಂದು ಸಾವಿನ ಸುದ್ದಿಯಲ್ಲಿ.

ಅದೇ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲೂ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಿಂದ ಬಂದದ್ದು. 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧವಾಗಿ ಅವರ ರಾಜಾದಿತ್ಯ ಸತ್ತ. ಆ ಯುದ್ಧದಲ್ಲಿ ಚೋಳರ ಎದುರು ನಿಂತಿದ್ದ ಗಂಗರ ದೊರೆ ಬೂತುಗನಿಗೆ ತನ್ನ ಬಂಟ ಮಣಲೇರನ ಪರಾಕ್ರಮ ಮೆಚ್ಚಿಗೆಯಾಗಿ, ಏನು ಬೇಕು ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ದಿಬ್ಬದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನೆಡಿಸಿದ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಇನ್ನೂ ಕಾದಾಡುತ್ತಿವೆ. ರಾಜರ ಯುದ್ಧದ ಸುದ್ದಿಯೆಲ್ಲ ಅಕ್ಷರದಲ್ಲಿದೆ, ಚಿತ್ರವಾಗಿ ಉಳಿದದ್ದು ನಾಯಿ. ಇದರ ಮುಂದೆ ನಿಂತಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಊರೊಳಗಿನ ಕಲ್ಲುಗಳಿಗೆ ಗಾಜಿಲ್ಲ, ಕಾವಲಿಲ್ಲ. ರಸ್ತೆ ಎತ್ತರಿಸಿದಾಗ ಕೆಳಗಿನ ಕಾಳಗದ ಪಟ್ಟಿ ಪೂರ್ತಿ ಮುಚ್ಚಿಹೋದದ್ದನ್ನು ಕಂಡಿದ್ದೇನೆ. ಎನಾಮಲ್ ಬಣ್ಣದಡಿ ಬೆರಳುಗಳು ಮಾಯವಾದದ್ದನ್ನೂ ಕಂಡಿದ್ದೇನೆ. ಅದಕ್ಕೇ ಈಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಎದುರಿನಿಂದ ಒಂದು ಫೋಟೋ, ಓರೆ ಬೆಳಕಿನಲ್ಲಿ ಎಡದಿಂದ, ಬಲದಿಂದ ಒಂದೊಂದು, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು, ಜಾಗದ ಲೊಕೇಶನ್. ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುವ ಕೆಲಸವನ್ನು ಇತಿಹಾಸದ ಅಧ್ಯಯನಕ್ಕೆಂದೇ ಇರುವ ಇಲ್ಲಿನ ಹಳೇ ಸಂಸ್ಥೆ ಮಿಥಿಕ್ ಸೊಸೈಟಿ ಕೈಗೆತ್ತಿಕೊಂಡಿದೆ. ಅಕ್ಷರ ಇರುವ ಕಲ್ಲು ನಿಮ್ಮ ಕಣ್ಣಿಗೆ ಬಿದ್ದರೆ ಅವರಿಗೆ ತಿಳಿಸಿ. ಅಕ್ಷರ ಇಲ್ಲದ್ದಾದರೆ ಆ ಬೀದಿಯ ನಾಲ್ಕು ಮನೆಯವರಿಗಾದರೂ ಟಾರ್ಚ್ ಹಿಡಿದು ತೋರಿಸಿ. ಒಮ್ಮೆ ವೀರನ ಮುಖ ಕಂಡವರು ಆ ಕಲ್ಲಿಗೆ ಕಸ ಒರಗಿಸುವುದನ್ನು ತಾವೇ ಬಿಡುತ್ತಾರೆ. ಇದನ್ನು ನಾನು ನೋಡಿದ್ದೇನೆ.