ಹನ್ನೊಂದು ಜನ, ಒಂದು ಟಿಟಿ, ಏಳು ಕಲ್ಲು: ಮೇಲುಕೋಟೆಯಲ್ಲಿ ನಮ್ಮ ಒಂದು ದಿನ

ಎರಡು ವರ್ಷದ ಹಿಂದೆ ನಮ್ಮ ಕಾಲೇಜು ಗುಂಪು ಒಂದು ದಿನದ ಮಟ್ಟಿಗೆ ರೆಸಾರ್ಟಿಗೆ ಹೋಗಿತ್ತು. ತಲೆಗೆ 2,200 ರೂಪಾಯಿ. ಜಿಪ್‌ಲೈನ್, ರೈನ್ ಡಾನ್ಸ್, ಬಫೆ ಊಟ ಎಲ್ಲ ಅದರಲ್ಲೇ ಬಂತು. ಹನ್ನೊಂದು ಜನರಲ್ಲಿ ಜಿಪ್‌ಲೈನ್ ಹತ್ತಿದವರು ನಾಲ್ಕೇ ಜನ. ಒಬ್ಬನಿಗೆ ಸೊಂಟ ನೋವು, ಒಬ್ಬಳಿಗೆ ಎತ್ತರ ಅಂದರೆ ಆಗಲ್ಲ, ಉಳಿದವರು ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತು ಬೇಜಾರಾಗಿ ವಾಪಸ್ ಬಂದರು. ಸಾಯಂಕಾಲ ನೋಡಿದರೆ ಏಳು ಜನ ಏಳು ಕುರ್ಚಿಯಲ್ಲಿ ಕೂತು ಫೋನ್ ಒತ್ತುತ್ತಿದ್ದರು. ಅದನ್ನು ಮನೆಯಲ್ಲೇ ಮಾಡಬಹುದಿತ್ತು, ಅಲ್ವಾ?

ಗುಂಪಿನ ಲೆಕ್ಕ ಬರೆಯುವವನು ನಾನೇ, ಹಾಗಾಗಿ ಹೊಟ್ಟೆ ಉರಿದದ್ದೂ ನನಗೇ ಜಾಸ್ತಿ. ಮುಂದಿನ ಸಲ ನಾನು ನೋಡಿಕೊಳ್ತೀನಿ ಅಂತ ಬಾಯಿ ಜಾರಿ ಹೇಳಿಬಿಟ್ಟೆ. ಹೇಳಿದ ಮೇಲೆ ಮಾಡಲೇಬೇಕಲ್ಲ.

ನಾನು ಇಟ್ಟುಕೊಂಡ ನಿಯಮ ಒಂದೇ. ಸೊಂಟ ನೋವಿನವನೂ ಆಡಬೇಕು, ಮಾತು ಕಡಿಮೆ ಆಡುವವಳೂ ಆಡಬೇಕು. ಯಾರಾದರೂ ಬದಿಗೆ ನಿಂತು ನೋಡುವಂಥ ಆಟ ಆಗಿದ್ದರೆ ಬೇಡ. ಹೀಗೆ ಜರಡಿ ಹಿಡಿದಾಗ ಅರ್ಧ ಪಟ್ಟಿ ಖಾಲಿಯಾಯಿತು. ಉಳಿದವು ಬಹುಪಾಲು ನಾವು ಚಿಕ್ಕಂದಿನಲ್ಲಿ ಬೀದಿಯಲ್ಲಿ, ಜಗಲಿ ಮೇಲೆ ಆಡಿದ ಆಟಗಳೇ.

ಜಾಗ ಮೇಲುಕೋಟೆ ಅಂತ ಆಯಿತು. ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮೇಲೆ ಹೋದರೆ ದಾರಿಯಲ್ಲಿ ಗದ್ದೆ, ಕಬ್ಬು, ಕಾಲುವೆ. ಊರು ಚಿಕ್ಕದು, ಎಲ್ಲ ನಡೆದೇ ನೋಡಬಹುದು. ಬೆಟ್ಟ ಇದೆ, ಕಲ್ಯಾಣಿ ಇದೆ, ಊಟಕ್ಕೆ ಪುಳಿಯೋಗರೆ ಇದೆ. ವಾಪಸ್ ಬರುವ ದಾರಿಯಲ್ಲಿ ಸ್ವಲ್ಪ ತಿರುಗಿದರೆ ತೊಣ್ಣೂರು ಕೆರೆ. ವೈರಮುಡಿ ಉತ್ಸವದ ಸಮಯ ಬಿಟ್ಟು ಹೋಗಿ. ಆಗ ಜನಸಾಗರ, ಆಟ ಆಡಲು ಜಾಗ ಇರಲಿ, ಕಾಲಿಡಲೂ ಜಾಗ ಸಿಗಲ್ಲ. ನಾವು ಹೋಗಿದ್ದು ಜನವರಿಯ ಒಂದು ಶನಿವಾರ.

ಬೆಳಿಗ್ಗೆ ಆರಕ್ಕೆ ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಹೊರಟಿತು. ಆರು ಅಂದರೆ ಆರೂವರೆ, ಬಿಡಿ. ಗಾಡಿಯಲ್ಲಿ ಅಂತ್ಯಾಕ್ಷರಿ. ಎಲ್ಲರಿಗೂ ಗೊತ್ತಿರುವ ಆಟವೇ, ಆದರೆ ಜಗಳ ಶುರುವಾಗುವುದು ಯಾವಾಗ ಗೊತ್ತಾ? ಹಾಡು ಣ ಅಥವಾ ಳ ಅಕ್ಷರಕ್ಕೆ ಬಂದು ನಿಂತಾಗ. ಆ ಎರಡರಿಂದ ಶುರುವಾಗುವ ಹಾಡು ಎಲ್ಲಿಂದ ತರೋದು? ಹಾಗಾಗಿ ಹೊರಡುವ ಮೊದಲೇ ಹೇಳಿಬಿಟ್ಟಿದ್ದೆ: ಣ ಬಂದರೆ ನ, ಳ ಬಂದರೆ ಲ. ಇನ್ನೊಂದು, ಒಂದು ಸಾಲು ಗುನುಗಿ ಬಿಡುವ ಹಾಗಿಲ್ಲ, ಪಲ್ಲವಿ ಪೂರ್ತಿ ಹಾಡಬೇಕು. ಇದರಿಂದ ಆಟ ನಿಧಾನವಾಯಿತು, ಆದರೆ ಹಾಡು ಗೊತ್ತಿರುವವರೆಲ್ಲ ದನಿ ಸೇರಿಸಿದರು, ಪಾಂಡವಪುರ ದಾಟುವ ಹೊತ್ತಿಗೆ ಡ್ರೈವರ್ ಅಣ್ಣ ಕೂಡ ಹಾಡುತ್ತಿದ್ದರು. ಯಾವ ಕಡೆ ಗೆದ್ದಿತು ಅಂತ ಈಗ ಕೇಳಿದರೆ ಯಾರಿಗೂ ನೆನಪಿಲ್ಲ.

ಮೊದಲು ಯೋಗನರಸಿಂಹನ ಬೆಟ್ಟ ಹತ್ತಿದೆವು. ಇದನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಹತ್ತು ಗಂಟೆ ದಾಟಿದರೆ ಕಲ್ಲು ಕಾಯುತ್ತದೆ, ಬರಿಗಾಲಲ್ಲಿ ಕುಣಿಯಬೇಕಾಗುತ್ತದೆ. ಮಧ್ಯಾಹ್ನ ಗುಡಿ ಬಾಗಿಲೂ ಹಾಕಿರುತ್ತಾರೆ. ಸೊಂಟ ನೋವಿನವನು ಅರ್ಧಕ್ಕೆ ಕೂತ, ಅವನ ಜೊತೆ ಇಬ್ಬರು ಕೂತರು, ಅಲ್ಲೇ ಬಂತು ಮೊದಲ ಪೆಟ್ಟು. ಒಂದು ಕೋತಿ ಬಂದು ಬಾಳೆಹಣ್ಣಿನ ಚೀಲ ಎತ್ತಿಕೊಂಡು ಹೋಯಿತು. ಚೀಲದಲ್ಲಿ ಹಣ್ಣಿನ ಜೊತೆ ನಾನು ಬರೆದು ತಂದಿದ್ದ ಟ್ರೆಷರ್ ಹಂಟ್ ಚೀಟಿಗಳೂ ಇದ್ದವು. ಹಣ್ಣು ತಿಂದು ಚೀಟಿಗಳನ್ನು ಬಂಡೆ ಮೇಲೆ ಎಸೆದು ಹೋಯಿತು ಪುಣ್ಯಾತ್ಮ. ಆರರಲ್ಲಿ ನಾಲ್ಕು ಸಿಕ್ಕವು. ಮೇಲುಕೋಟೆಯಲ್ಲಿ ತಿಂಡಿಯನ್ನು ಜಿಪ್ ಇರುವ ಬ್ಯಾಗಿನಲ್ಲಿಡಿ, ಕೈಚೀಲದಲ್ಲಿ ಬೇಡ.

ಈ ಟ್ರೆಷರ್ ಹಂಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಡೀ ದಿನದಲ್ಲಿ ಎಲ್ಲರಿಗೂ ಹಿಡಿಸಿದ್ದು ಇದೇ. ಸಾಮಾನ್ಯವಾಗಿ ಏನು ಮಾಡ್ತಾರೆ, ಚೀಟಿಗಳನ್ನು ಅಲ್ಲಲ್ಲಿ ಬಚ್ಚಿಡುತ್ತಾರೆ. ಗುಡಿ ಇರುವ ಊರಲ್ಲಿ ಅದು ಸರಿ ಹೋಗಲ್ಲ. ಕಲ್ಲಿನ ಸಂದಿಯಲ್ಲಿ ಕಾಗದ ತುರುಕುವುದು ಚೆಂದವೂ ಅಲ್ಲ. ಅದಕ್ಕೇ ಎಲ್ಲ ಚೀಟಿಗಳನ್ನೂ ಮೊದಲೇ ತಂಡದ ಕೈಗೆ ಕೊಟ್ಟೆ. ಪ್ರತಿ ಚೀಟಿಯಲ್ಲಿ ಒಂದು ಒಗಟು. ಅದು ಯಾವ ಜಾಗ ಅಂತ ಕಂಡುಹಿಡಿದು, ಅಲ್ಲಿಗೆ ಹೋಗಿ, ಇಡೀ ತಂಡದ ಫೋಟೋ ತೆಗೆದು ತರಬೇಕು. ತಂಡಕ್ಕೆ ಒಂದೇ ಫೋನ್, ಅದೂ ಫೋಟೋಗೆ ಮಾತ್ರ, ಹುಡುಕುವ ಹಾಗಿಲ್ಲ. ಊರವರನ್ನು ಕೇಳಬಹುದು. ಎಷ್ಟು ಬೇಕಾದರೂ ಕೇಳಬಹುದು.

ಒಂದು ಒಗಟು ಹೀಗಿತ್ತು: ಹೆಸರಿನಲ್ಲಿ ಗೋಪುರ, ತಲೆ ಮೇಲೆ ಗೋಪುರವಿಲ್ಲ, ನಾಲ್ಕು ಕಂಬ ಸುಮ್ನೆ ಆಕಾಶ ನೋಡುತ್ತಿವೆ. ಇದು ರಾಯಗೋಪುರ, ಕಟ್ಟುತ್ತಾ ಕಟ್ಟುತ್ತಾ ಅರ್ಧಕ್ಕೇ ನಿಂತದ್ದು. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾಗಿಬಿಟ್ಟಿತು ಅಂತ ಊರವರು ಕಥೆ ಹೇಳುತ್ತಾರೆ. ಇನ್ನೊಂದು: ಒಂದೇ ತಾಯಿಯ ಮಕ್ಕಳು, ಅಕ್ಕಪಕ್ಕ ಮಲಗಿದ್ದಾರೆ, ಒಬ್ಬಳ ನೀರು ಕುಡಿಯಬಹುದು, ಇನ್ನೊಬ್ಬಳದ್ದು ಬೇಡ. ಅಕ್ಕ ತಂಗಿ ಕೊಳ ಅಂತ ಎರಡೂ ತಂಡ ಬೇಗ ಹೇಳಿದವು, ಆದರೆ ಅಕ್ಕ ಯಾವುದು ತಂಗಿ ಯಾವುದು ಅಂತ ಅಲ್ಲಿ ನಿಂತು ಹತ್ತು ನಿಮಿಷ ವಾದ ಮಾಡಿದವಂತೆ. ಮೂರನೆಯದು ಕಲ್ಯಾಣಿ. ಅಲ್ಲಿ ಕಲ್ಯಾಣಿಯ ನೀರೂ ಬೆಟ್ಟದ ಮೇಲಿನ ಗುಡಿಯೂ ಒಂದೇ ಫೋಟೋದಲ್ಲಿ ಬರಬೇಕು ಅಂತ ಷರತ್ತು ಹಾಕಿದ್ದೆ. ಹಾಗೆ ಬರಬೇಕಾದರೆ ಫೋಟೋ ತೆಗೆಯುವವನು ಮೆಟ್ಟಿಲ ಮೇಲೆ ಅತ್ತಿತ್ತ ಓಡಾಡಿ ಜಾಗ ಹುಡುಕಬೇಕು, ಇಡೀ ತಂಡದವರೂ ಬರಬೇಕಾದ್ದರಿಂದ ಕೊನೆಗೆ ಬೇರೆಯವರ ಕೈಗೆ ಫೋನ್ ಕೊಡಲೇಬೇಕು. ಎರಡು ಮದುವೆಯ ಫೋಟೋ ಶೂಟ್ ಬೇರೆ ನಡೆಯುತ್ತಿತ್ತು. ಒಂದು ತಂಡ ಆ ಫೋಟೋಗ್ರಾಫರನ್ನೇ ಹಿಡಿದು ಫೋಟೋ ತೆಗೆಸಿಕೊಂಡು ಬಂತು.

ನಾಲ್ಕನೆಯ ಚೀಟಿ ನನ್ನ ಇಷ್ಟದ್ದು. 1905ರಲ್ಲಿ ಈ ಊರಲ್ಲಿ ಹುಟ್ಟಿದ ಕವಿ, ಹೆಸರಿನಲ್ಲಿ ಮೂರೇ ಅಕ್ಷರ, ಅವರ ಮನೆ ಹುಡುಕಿ ಅಂತ. ಪು.ತಿ.ನ. ಅಂತ ಎಲ್ಲರಿಗೂ ಹೊಳೆಯಿತು, ಶಾಲೆಯಲ್ಲಿ ಓದಿದ್ದೇವಲ್ಲ. ಆದರೆ ಮನೆ ಎಲ್ಲಿ? ಒಂದು ತಂಡ ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜನನ್ನು ಕೇಳಿತು. ಅವರು ದಾರಿ ಹೇಳುವ ಮೊದಲು, ನೀವು ಯಾರ ಮನೆಯವರು, ಯಾವ ಊರು, ಏನು ಕೆಲಸ, ತಿಂಡಿ ಆಯಿತಾ ಅಂತ ಶುರು ಮಾಡಿ, ಇಪ್ಪತ್ತು ನಿಮಿಷ ಕೂರಿಸಿಕೊಂಡು, ಊರಿನ ಕಥೆಯನ್ನೆಲ್ಲ ಹೇಳಿದರಂತೆ. ಆ ತಂಡ ಆಟ ಸೋತಿತು. ಆದರೆ ಊಟದ ಹೊತ್ತಲ್ಲಿ ಅವರ ಹತ್ತಿರವೇ ಹೇಳಲು ಮಾತು ಜಾಸ್ತಿ ಇತ್ತು. ಗೆದ್ದವರು ಸ್ವಲ್ಪ ಸಪ್ಪಗಿದ್ದರು, ಸತ್ಯ ಹೇಳಬೇಕೆಂದರೆ.

ತಂಡ ಮಾಡುವುದರಲ್ಲಿ ಒಂದು ಮಾತು. ನೀವೇ ಮಾಡಿಕೊಳ್ಳಿ ಅಂತ ಬಿಡಬೇಡಿ. ಗಂಡ ಹೆಂಡತಿ ಒಂದು ಕಡೆ, ದಿನಾ ಮಾತಾಡುವ ಸ್ನೇಹಿತರು ಒಂದು ಕಡೆ ಸೇರಿಕೊಳ್ಳುತ್ತಾರೆ. ನಾನು ಡಬ್ಬಿಯಲ್ಲಿ ಹೆಸರುಕಾಳು, ಕಡಲೆಕಾಳು ಐದೈದು ಹಾಕಿ ಕಣ್ಣು ಮುಚ್ಚಿ ತೆಗೆಯಿರಿ ಅಂದೆ. ಆದರೆ ಬುದ್ಧಿವಂತಿಕೆ ನೋಡಿ, ಮುಟ್ಟಿದರೆ ಯಾವ ಕಾಳು ಅಂತ ಗೊತ್ತಾಗಿಬಿಡುತ್ತದೆ. ಆ ಗಂಡ ಹೆಂಡತಿ ಅದೇ ಮಾಡಿದರು. ಮುಂದಿನ ಸಲ ಎರಡು ಬಣ್ಣದ ಗುಂಡಿ.

ಫೋನ್ ವಿಷಯ. ಎಲ್ಲರ ಫೋನ್ ಕಿತ್ತು ಚೀಲದಲ್ಲಿ ಹಾಕಿಡುವುದನ್ನು ನಾವೂ ಒಂದು ಸಲ ಮಾಡಿದ್ದೆವು. ಮನೆಯಲ್ಲಿ ಹುಷಾರಿಲ್ಲದ ತಾಯಿಯನ್ನು ಬಿಟ್ಟು ಬಂದವಳು ಇಡೀ ದಿನ ಆ ಚೀಲವನ್ನೇ ನೋಡುತ್ತಿದ್ದಳು. ಅದಾದ ಮೇಲೆ ಬಿಟ್ಟೆವು. ಕೈಗೆ ಕೆಲಸ ಇದ್ದರೆ ಫೋನ್ ತಾನಾಗಿ ಜೇಬಿಗೆ ಹೋಗುತ್ತದೆ.

ಊಟಕ್ಕೆ ಪುಳಿಯೋಗರೆ, ಸಕ್ಕರೆ ಪೊಂಗಲ್, ಮೊಸರನ್ನ. ಅದರ ಬಗ್ಗೆ ಬರೆಯಲು ಹೋದರೆ ಇದು ಬೇರೆಯೇ ಲೇಖನ ಆಗುತ್ತದೆ. ಉಂಡ ಮೇಲೆ ಯಾರಿಂದಲೂ ಏಳಲಾಗಲಿಲ್ಲ ಅನ್ನುವುದಷ್ಟೇ ಇಲ್ಲಿಗೆ ಬೇಕಾದ ವಿಷಯ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆವರೆಗೆ ಓಡುವ ಆಟ ಇಟ್ಟುಕೊಂಡರೆ ನಿಮ್ಮನ್ನು ಬೈಯುತ್ತಾರೆ. ಮರದ ನೆರಳಲ್ಲಿ ಚಾಪೆ ಹಾಸಿ ಚೌಕಾಬಾರ ತೆಗೆದೆ.

ಹಳೆಯ ಬೆಡ್‌ಶೀಟಿನ ತುಂಡಿನ ಮೇಲೆ ಮಾರ್ಕರಿನಲ್ಲಿ ಐದಕ್ಕೆ ಐದು ಮನೆ ಬರೆದುಕೊಂಡು ಹೋಗಿದ್ದೆ. ಸೀಮೆಸುಣ್ಣದಲ್ಲಿ ಅಲ್ಲೇ ನೆಲದ ಮೇಲೆ ಬರೆಯಬಹುದು ಅಂತ ಒಬ್ಬ ಅಂದ. ಹಳೇ ಮಂಟಪದ ಕಲ್ಲಿನ ಮೇಲೆ ನಾವು ಗೀಚುವುದು ಬೇಡ. ಕವಡೆ ಇಲ್ಲದಿದ್ದರೆ ಹುಣಸೆ ಬೀಜ ನಾಲ್ಕು ತೆಗೆದುಕೊಂಡು ಒಂದು ಬದಿ ಬೆಳ್ಳಗಾಗುವವರೆಗೆ ಒರಟು ಕಲ್ಲಿನ ಮೇಲೆ ತೇಯಿರಿ, ಅಷ್ಟೇ. ಬಿಳಿ ಬದಿ ಎಷ್ಟು ಮೇಲೆ ಬಿದ್ದವೋ ಅಷ್ಟು ಮನೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಎರಡಕ್ಕೂ ಮತ್ತೊಂದು ಸಲ ಹಾಕಲು ಅವಕಾಶ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ, ಆಟದ ಮಜಾ ಇರುವುದೇ ಇಲ್ಲಿ. ಎಷ್ಟೇ ಸಾಧು ಮನುಷ್ಯನಾದರೂ ಒಬ್ಬರನ್ನು ಹೊಡೆಯಲೇಬೇಕು.

ಆಡುವುದು ನಾಲ್ಕು ಜನ, ನಾವು ಹನ್ನೊಂದು. ಒಂದೊಂದು ಮೂಲೆಗೆ ಇಬ್ಬರು ಮೂವರು ಕೂತೆವು. ಒಬ್ಬರು ಬೀಜ ಹಾಕಬೇಕು, ಇನ್ನೊಬ್ಬರು ಕಾಯಿ ನಡೆಸಬೇಕು. ಹೀಗೆ ಮಾಡಿದ್ದರಿಂದ ಒಳಗೊಳಗೇ ಪಿಸುಮಾತು, ಜಗಳ, ಬೇರೆ ಮೂಲೆಯ ಜೊತೆ ಒಪ್ಪಂದ, ಆಮೇಲೆ ಆ ಒಪ್ಪಂದಕ್ಕೆ ಮೋಸ, ಏನೆಲ್ಲ ಆಯಿತು. ಮಾತೇ ಆಡದ ನಮ್ಮ ಟೀಚರಮ್ಮ ಮೂರು ಬಾರ ಸಾಲಾಗಿ ಹಾಕಿ ಎದ್ದು ನಿಂತು ಕೂಗಿದಳು. ಇಪ್ಪತ್ತು ವರ್ಷದಲ್ಲಿ ಅವಳು ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಹುಲಿ ಕುರಿ ಆಟದ ಹಲಗೆಯನ್ನೂ ಒಯ್ದಿದ್ದೆ. ಮೂರು ಹುಲಿ, ಹದಿನೈದು ಕುರಿ, 23 ಜಾಗ. ಒಳ್ಳೆ ಆಟ, ಆದರೆ ಇಬ್ಬರದ್ದು. ಇಬ್ಬರು ಅದನ್ನು ಹಿಡಿದು ಮೂಲೆ ಸೇರಿದರು, ಇನ್ನು ಇವರು ನಮ್ಮ ಜೊತೆ ಇರಲ್ಲ ಅಂತ ಗೊತ್ತಾಗಿ ಎತ್ತಿ ಬ್ಯಾಗಿಗೆ ಹಾಕಿದೆ.

ಇನ್ನೊಂದು ಕೆಟ್ಟದ್ದೂ ಹೇಳಿಬಿಡುತ್ತೇನೆ. ಅದೇ ನೆರಳಲ್ಲಿ ಯಾರೋ ಸತ್ಯ ಹೇಳುವ ಆಟ ಆಡೋಣ ಅಂದರು. ಎರಡನೇ ಪ್ರಶ್ನೆಗೇ ಒಬ್ಬನ ಹಳೆಯ ಸಾಲದ ಮಾತು ಬಂತು, ಅವನ ಮುಖ ಸಣ್ಣದಾಯಿತು, ಐದು ನಿಮಿಷ ಯಾರೂ ಮಾತಾಡಲಿಲ್ಲ. ನಲವತ್ತರ ಹತ್ತಿರ ಬಂದವರಿಗೆ ಆ ಆಟ ಬೇಡವೇ ಬೇಡ.

ಮೂರು ಗಂಟೆಗೆ ತೊಣ್ಣೂರು ಕೆರೆ. ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಅಂತಲೂ ಕರೆಯುತ್ತಾರೆ, ನೀರು ಅಷ್ಟು ತಿಳಿ. ನೋಡಿದ ಕೂಡಲೇ ಇಳಿಯಬೇಕು ಅನ್ನಿಸುತ್ತದೆ. ಯಾರೂ ಇಳಿಯಬಾರದು ಅಂತ ಗಾಡಿಯಲ್ಲೇ ಮಾತು ತೆಗೆದುಕೊಂಡಿದ್ದೆ. ಕೆರೆಯಲ್ಲಿ ಎಲ್ಲಿ ಹೂಳಿದೆ, ಎಲ್ಲಿ ಒಮ್ಮೆಲೇ ಆಳ ಅಂತ ಮೇಲಿನಿಂದ ಕಾಣುವುದಿಲ್ಲ, ಈಜು ಬರುವವರೂ ಸಿಕ್ಕಿಕೊಳ್ಳುತ್ತಾರೆ. ಒಬ್ಬ ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ.

ನೀರಿನಿಂದ ಸಾಕಷ್ಟು ದೂರದ ಬಯಲಲ್ಲಿ ಲಗೋರಿ. ಚಪ್ಪಟೆ ಕಲ್ಲು ಏಳು ಆರಿಸುವುದೇ ಅರ್ಧ ಆಟ. ಚೆಂಡು ಟೆನಿಸ್ ಚೆಂಡು, ಅದನ್ನೂ ಹಳೆಯದು ತನ್ನಿ, ಹೊಸದು ಬೆನ್ನಿಗೆ ಬಿದ್ದರೆ ಉರಿಯುತ್ತದೆ. ಕಲ್ಲು ಬೀಳಿಸಿದವರು ಮತ್ತೆ ಜೋಡಿಸಬೇಕು, ಅಷ್ಟರಲ್ಲಿ ಎದುರಿನವರು ಚೆಂಡಿನಿಂದ ಹೊಡೆದು ಔಟ್ ಮಾಡಬೇಕು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಪ್ರತಿ ಬೀದಿಗೂ ಒಂದು ಕಾನೂನು. ಶಿವಮೊಗ್ಗದವನು ಚೆಂಡು ಹಿಡಿದು ಓಡಬಾರದು ಅಂದ, ಮಂಡ್ಯದವನು ಓಡಬಹುದು ಅಂದ, ಮೈಸೂರಿನವಳು ತಲೆಗೆ ತಗುಲಿದರೆ ಲೆಕ್ಕವಿಲ್ಲ ಅಂದಳು. ಹದಿನೈದು ನಿಮಿಷ ವಾದ ಆದ ಮೇಲೆ ಡ್ರೈವರ್ ಅಣ್ಣನನ್ನು ಅಂಪೈರ್ ಮಾಡಿದೆವು. ಅವರು ತಮ್ಮ ಊರಿನ ಕಾನೂನು ಹಾಕಿದರು, ಎಲ್ಲರೂ ಒಪ್ಪಿಕೊಂಡರು.

ಸೊಂಟ ನೋವಿನವನಿಗೆ ಓಟ ಇಲ್ಲ, ಎರಡೂ ತಂಡಕ್ಕೂ ಅವನೇ ಕಲ್ಲಿಗೆ ಚೆಂಡು ಎಸೆಯುವವನು. ಗುರಿ ಅವನದ್ದೇ ಚೆನ್ನಾಗಿತ್ತು. ನಾನು ಎರಡನೇ ಆಟದಲ್ಲೇ ಪಾದ ಉಳುಕಿಸಿಕೊಂಡೆ. ಆಡುವ ಮೊದಲು ಐದು ನಿಮಿಷ ಕೈಕಾಲು ಆಡಿಸಿ, ಚಪ್ಪಲಿ ಬಿಟ್ಟು ಶೂ ಹಾಕಿ ಅಂತ ಎಲ್ಲರಿಗೂ ಹೇಳಿದ್ದೆ. ಚಪ್ಪಲಿಯಲ್ಲಿ ಆಡಿದವನು ನಾನೊಬ್ಬನೇ.

ಖರ್ಚು: ಗಾಡಿ, ಊಟ, ಕಾಫಿ, ಎಳನೀರು ಎಲ್ಲ ಸೇರಿ ತಲೆಗೆ 870 ರೂಪಾಯಿ. ಚೀಟಿ, ಚೆಂಡು, ಮಾರ್ಕರ್ ನನ್ನ ಲೆಕ್ಕ.

ಚೌಕಾಬಾರ ಮುಗಿಯಲಿಲ್ಲ. ಕೆರೆಗೆ ಹೊರಡುವ ಹೊತ್ತಾಯಿತು ಅಂತ ಎಬ್ಬಿಸಿದಾಗ ಟೀಚರಮ್ಮನ ಮೂಲೆಯದ್ದು ಮೂರು ಕಾಯಿ ಹಣ್ಣಾಗಿತ್ತು, ಅಂದರೆ ನಡುಮನೆ ಸೇರಿತ್ತು, ಒಂದು ಬಾಕಿ. ಕಾಯಿಗಳು ಎಲ್ಲೆಲ್ಲಿ ಇದ್ದವು ಅಂತ ಅವಳೇ ಫೋಟೋ ತೆಗೆದಿಟ್ಟುಕೊಂಡಳು. ಬೆಡ್‌ಶೀಟಿನ ತುಂಡು ನನ್ನ ಹತ್ತಿರ ಇದೆ. ಯಾವಾಗ ಮುಂದಿನ ಟ್ರಿಪ್ ಅಂತ ಈ ಸಲ ಕೇಳುತ್ತಿರುವವಳು ಅವಳೇ.