ರಿಕ್ವೆಸ್ಟಿಗೊಂದು ಕ್ಲಾಸ್ ಕಟ್ಟಿ ಕೆಟ್ಟ ಕಥೆ

ಅರ್ಜಿ ನಮೂನೆಗಳನ್ನು ಗ್ರಾಹಕರೇ ರೂಪಿಸಿಕೊಳ್ಳಬಹುದಾದ ವೆಬ್ ಅಪ್ಲಿಕೇಶನ್ ಒಂದು ನನ್ನ ಪಾಲಿಗೆ ಬಂದಿತ್ತು. ಭಾಷೆ ಪೈಥಾನ್ 3.8, ಅದರಲ್ಲಿ ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಚೌಕಟ್ಟು ಜಾಂಗೋ. ಒಬ್ಬರ ನಮೂನೆಯಲ್ಲಿ ಸರ್ವೆ ನಂಬರ್ ಬೇಕು, ಇನ್ನೊಬ್ಬರದರಲ್ಲಿ ಪಡಿತರ ಚೀಟಿಯ ಸಂಖ್ಯೆ. ಬ್ರೌಸರಿನಿಂದ ಪ್ರತಿ ರಿಕ್ವೆಸ್ಟ್ (ಕೋರಿಕೆ) ಬಂದಾಗಲೂ ಡೇಟಾಬೇಸಿನಿಂದ ವಿವರ ಓದಿ, ಪೈಥಾನಿನ ‘ಟೈಪ್’ಗೆ ಮೂರು ಆರ್ಗ್ಯುಮೆಂಟ್ ಕೊಟ್ಟು ಹೊಸ ಫಾರ್ಮ್ ಕ್ಲಾಸನ್ನೇ, ಅಂದರೆ ನಮೂನೆಯ ಅಚ್ಚನ್ನೇ, ಕಟ್ಟುವಂತೆ ಬರೆದೆ. ನಾಲ್ಕೇ ಸಾಲು. ಬರೆದ ದಿನ ಹೆಮ್ಮೆಪಟ್ಟಿದ್ದೂ ಉಂಟು.

ಬಳಕೆ ಹೆಚ್ಚಿದ ಮೇಲೆ, ರಿಕ್ವೆಸ್ಟ್‌ಗಳಿಗೆ ಉತ್ತರಿಸುವ ವರ್ಕರ್ ಪ್ರೋಸೆಸ್‌ಗಳ ಮೆಮೊರಿ ಏರತೊಡಗಿತು. ಏರಿದ್ದು ಇಳಿಯುತ್ತಿರಲಿಲ್ಲ. ಎಲ್ಲರಂತೆ ನಾನೂ ಮೊದಲು ಡೇಟಾಬೇಸ್ ಕ್ವೆರಿಗಳನ್ನು ದೂರಿದೆ. ಆ ವರ್ಕರ್‌ಗಳನ್ನು ನಡೆಸುವ ಸರ್ವರ್ ಗೂನಿಕಾರ್ನ್‌ನಲ್ಲಿ ಇಂತಿಷ್ಟು ರಿಕ್ವೆಸ್ಟ್ ಆದ ಮೇಲೆ ವರ್ಕರ್ ಮರುಹುಟ್ಟು ಪಡೆಯಲಿ ಎಂದು ಒಂದು ಸಾಲು ಸೇರಿಸಿದೆ. ಅದು ತೇಪೆ ಎಂಬುದು ನನಗೂ ಗೊತ್ತಿತ್ತು.

ಅನುಮಾನ ಕ್ಲಾಸಿನ ಮೇಲೆ ತಿರುಗಿದ್ದು ಒಂದು ಸಣ್ಣ ಪರೀಕ್ಷೆಯಿಂದ. ಪೈಥಾನ್ ಪ್ರಾಂಪ್ಟಿನಲ್ಲಿ ಖಾಲಿ ಕ್ಲಾಸೊಂದನ್ನು ಮಾಡಿ, ಅದಕ್ಕೊಂದು ವೀಕ್ ರೆಫರೆನ್ಸ್ (ಬದುಕಿದೆಯೇ ಎಂದು ತೋರಿಸುವ, ಆದರೆ ಬದುಕಿಸಿಡದ ಕೊಂಡಿ) ಇಟ್ಟು, ಹೆಸರನ್ನು ಅಳಿಸಿದೆ. ಮಾಮೂಲಿ ಆಬ್ಜೆಕ್ಟ್ ಆಗಿದ್ದರೆ ಆ ಕ್ಷಣವೇ ಮಾಯವಾಗಬೇಕಿತ್ತು. ಕ್ಲಾಸ್ ಮಾತ್ರ ಅಲ್ಲೇ ಕುಳಿತಿತ್ತು. ಬಳಕೆ ಮುಗಿದ ಆಬ್ಜೆಕ್ಟ್‌ಗಳನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರನ್ನು ಕೈಯಾರೆ ಓಡಿಸಿದರೂ ಹೋಗಲಿಲ್ಲ! ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಪ್ರಾಂಪ್ಟಿನಲ್ಲಿ ಕೊನೆಯ ಉತ್ತರವನ್ನು ಅಂಡರ್‌ಸ್ಕೋರ್ (_) ಎಂಬ ಹೆಸರು ಹಿಡಿದಿಟ್ಟುಕೊಳ್ಳುತ್ತದೆ, ನಾನು ಇಣುಕಿ ನೋಡಿದ್ದೇ ಅದನ್ನು ಬದುಕಿಸಿತ್ತು. ನಡುವೆ ಇಣುಕದೆ ಎರಡನೆಯ ಸಲ ಕಲೆಕ್ಟರ್ ಓಡಿಸಿದಾಗ ಹೋಯಿತು.

ಕಾರಣ ಇಷ್ಟೇ. ಪ್ರತಿ ಕ್ಲಾಸೂ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಮೆಥಡ್‌ಗಳನ್ನು ಹುಡುಕುವ ವಂಶಾವಳಿಯ ಟ್ಯೂಪಲ್ಲಿನಲ್ಲಿ (ಪಟ್ಟಿಯಲ್ಲಿ) ಮೊದಲ ಹೆಸರು ಅದರದ್ದೇ. ಹಾಗಾಗಿ ರೆಫರೆನ್ಸ್ ಎಣಿಕೆ, ಅಂದರೆ ಅದನ್ನು ಹಿಡಿದಿರುವ ಕೊಂಡಿಗಳ ಲೆಕ್ಕ, ಎಂದೂ ಸೊನ್ನೆಗೆ ಇಳಿಯುವುದಿಲ್ಲ. ಸುತ್ತುಗಳನ್ನು ಬಿಡಿಸುವ ಕಲೆಕ್ಟರ್ ಬರುವವರೆಗೆ ಕಾಯಬೇಕು. ಕಲೆಕ್ಟರ್ ಆಬ್ಜೆಕ್ಟ್‌ಗಳನ್ನು ವಯಸ್ಸಿನಂತೆ ತಲೆಮಾರುಗಳಾಗಿ ವಿಂಗಡಿಸಿಕೊಂಡು ಗುಡಿಸುತ್ತದೆ. ರಿಕ್ವೆಸ್ಟ್ ನಡೆಯುತ್ತಿರುವಾಗ ಎಳೆಯ ತಲೆಮಾರಿನ ಕಲೆಕ್ಷನ್ ಒಮ್ಮೆ, ಆಮೇಲೆ ನಡುವಿನ ತಲೆಮಾರಿನದು ಒಮ್ಮೆ ಬಂದು ಹೋದರೆ, ಬಳಕೆಯಲ್ಲಿರುವ ನಮ್ಮ ಕ್ಲಾಸ್ ಬಡ್ತಿ ಪಡೆದು ಹಳೆಯ ತಲೆಮಾರಿಗೆ ಸೇರಿಬಿಡುತ್ತದೆ. ಹೊಸದಾಗಿ ಬಂದು ಸೇರಿದವು ಈಗಾಗಲೇ ಅಲ್ಲಿ ನೆಲೆಸಿರುವವುಗಳ ಕಾಲು ಭಾಗವನ್ನು ಮೀರುವ ತನಕ ಆ ಹಳೆಯ ತಲೆಮಾರನ್ನು ಪೈಥಾನ್ 3.8 ಪೂರ್ತಿ ಗುಡಿಸುವುದಿಲ್ಲ. ಜಾಂಗೋದಂತಹ ದೊಡ್ಡ ಸಂಸಾರದಲ್ಲಿ ಆ ಕಾಲು ಭಾಗವೇ ದೊಡ್ಡ ಸಂಖ್ಯೆ. ಅಷ್ಟರಲ್ಲಿ ಕ್ಲಾಸ್‌ಗಳು ರಾಶಿ ಬಿದ್ದಿರುತ್ತವೆ. ಆ ಆವೃತ್ತಿಯಲ್ಲಿ ಖಾಲಿ ಆಬ್ಜೆಕ್ಟ್ 16 ಬೈಟ್ ಆದರೆ ಖಾಲಿ ಕ್ಲಾಸ್ 1064 ಬೈಟ್, ಅದರ ಡಿಕ್ಷನರಿ ಬೇರೆ. ಕೊನೆಗೆ ಗುಡಿಸಿದರೂ ಚೂರುಚೂರಾದ ಮೆಮೊರಿಯೆಲ್ಲ ಆಪರೇಟಿಂಗ್ ಸಿಸ್ಟಂಗೆ ಮರಳುವ ಭರವಸೆ ಇಲ್ಲ.

ಮೊದಲು ಕ್ಯಾಶ್ ಹಾಕಿದೆ. ನಮೂನೆಯ ಐಡಿ ಮತ್ತು ತಿದ್ದಿದ ಸಮಯ ಸೇರಿಸಿ ಕೀಲಿ. ಅದೇ ನಮೂನೆಗೆ ಅದೇ ಕ್ಲಾಸ್. ಏರಿಕೆ ನಿಂತಿತು, ಆದರೆ ಒಬ್ಬ ಗ್ರಾಹಕರು ನಮೂನೆಯನ್ನು ಒಂದೇ ಸಂಜೆ ಹತ್ತಾರು ಸಲ ತಿದ್ದಿದಾಗ ಹಳೆಯ ಆವೃತ್ತಿಗಳೆಲ್ಲ ಕ್ಯಾಶಿನಲ್ಲೇ ಉಳಿದವು. ಮಿತಿ ಹಾಕಿದೆ.

ಆಮೇಲೆ ಜಾಂಗೋದ ಫಾರ್ಮ್ ಕೋಡ್ ಓದುತ್ತಾ ಕುಳಿತಾಗ ನಗು ಬಂತು. ಪ್ರತಿ ಫಾರ್ಮ್ ಇನ್‌ಸ್ಟನ್ಸೂ (ಕ್ಲಾಸಿನಿಂದ ಮೂಡುವ ಒಂದೊಂದು ಆಬ್ಜೆಕ್ಟ್) ಹುಟ್ಟುವಾಗ ಕ್ಲಾಸಿನ ಫೀಲ್ಡ್‌ಗಳನ್ನು ಆಳವಾಗಿ ನಕಲು ಮಾಡಿಕೊಂಡು ತನ್ನದೇ ‘ಫೀಲ್ಡ್ಸ್’ ಡಿಕ್ಷನರಿ ಇಟ್ಟುಕೊಳ್ಳುತ್ತದೆ. ಅಂದರೆ ನಾನು ಫೀಲ್ಡ್ ಕಟ್ಟಿ ಕ್ಲಾಸಿಗೆ ತುಂಬುತ್ತಿದ್ದೆ, ಜಾಂಗೋ ಅದನ್ನೇ ಇನ್ನೊಮ್ಮೆ ನಕಲು ಮಾಡುತ್ತಿತ್ತು. ಈಗ ಒಂದೇ ಒಂದು ಖಾಲಿ ಫಾರ್ಮ್ ಕ್ಲಾಸ್ ಇದೆ; ಇನ್‌ಸ್ಟನ್ಸ್ ಹುಟ್ಟುವಾಗ ಓಡುವ ಅದರ ‘ಇನಿಟ್’ನಲ್ಲಿ ಬೇಕಾದ ಫೀಲ್ಡ್‌ಗಳನ್ನು ನೇರವಾಗಿ ಆ ಡಿಕ್ಷನರಿಗೆ ಸೇರಿಸುತ್ತೇನೆ. ಗ್ರಾಹಕರಿಂದ ಗ್ರಾಹಕರಿಗೆ ಬದಲಾಗುತ್ತಿದ್ದದ್ದು ಮಾಹಿತಿಯೇ ಹೊರತು ನಡವಳಿಕೆಯಲ್ಲ. ಹೊಸ ಕ್ಲಾಸಿನ ಅಗತ್ಯವೇ ಇರಲಿಲ್ಲ. ಕ್ಯಾಶನ್ನೂ ಕಿತ್ತೆ.

ಇದೇ ಚಪಲದಲ್ಲಿ ಡೇಟಾಬೇಸ್ ಮಾಡೆಲ್‌ಗಳನ್ನೂ (ಟೇಬಲ್‌ಗಳ ರಚನೆ ಹೇಳುವ ಕ್ಲಾಸ್‌ಗಳು) ರಿಕ್ವೆಸ್ಟ್ ನಡುವೆ ಕಟ್ಟಿದ್ದರೆ ಗತಿ ಇನ್ನೂ ಕೆಟ್ಟದಾಗುತ್ತಿತ್ತು. ಜಾಂಗೋ ಪ್ರತಿ ಮಾಡೆಲ್ ಕ್ಲಾಸನ್ನೂ ತನ್ನ ಆ್ಯಪ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಿಕೊಳ್ಳುತ್ತದೆ. ಹೊಸ ಹೊಸ ಹೆಸರಿನಲ್ಲಿ ಕಟ್ಟುತ್ತಾ ಹೋದರೆ ಕಲೆಕ್ಟರ್ ಎಷ್ಟು ಬಾರಿ ಬಂದರೂ ಅವು ಕದಲುವುದಿಲ್ಲ.

ಗೂನಿಕಾರ್ನ್‌ನ ಆ ಸಾಲು ಮಾತ್ರ ಇನ್ನೂ ಇದೆ.